ಏಳು ತಾಸಿನ ಊರು

ನಮ್ಮ ಕಡೆ ಯಾರಾದರೂ ಊರಿಗೆ ಹೊರಟರೆ ಮೊದಲು ಕೇಳುವ ಮಾತು, ‘ಯಾರ ಮನೀಗಿ ಹೊಂಟೀರಿ?’ ಎಂದು. ಮನೆ ಇಲ್ಲದಿದ್ದರೆ ದೇವರಿರಬೇಕು. ದೇವರೂ ಇಲ್ಲದಿದ್ದರೆ ಕೋರ್ಟು, ಕಚೇರಿ, ದವಾಖಾನೆಯ ಕೆಲಸವಾದರೂ ಇರಬೇಕು. ಈ ಮೂರೂ ಇಲ್ಲದೆ ಒಂದು ಊರಿಗೆ ಹೋಗಬಹುದು ಎಂಬ ವಿಚಾರ ಕುಂಚಾವರಂನಲ್ಲಿ ಇಷ್ಟು ವರ್ಷ ಪಾಠ ಹೇಳಿದ ನನಗೂ ಪೂರ್ತಿ ಒಗ್ಗಿದ್ದಲ್ಲ. 2024ರ ಬೇಸಿಗೆ ರಜೆಯಲ್ಲಿ ಅಮೆರಿಕಕ್ಕೆ ಹೊರಟಾಗ ಪಕ್ಕದ ಮನೆಯ ಅಜ್ಜಿಗೆ ‘ಮಗಳ ಮನೀಗಿ’ ಎಂದು ಉತ್ತರ ಕೊಟ್ಟೆ. ಆಕೆಗೆ ಸಮಾಧಾನವಾಯಿತು. ಅಲ್ಲಿಂದ ಹಡಗಿನಲ್ಲಿ ಜಮೈಕಾ ಎಂಬ ದ್ವೀಪಕ್ಕೂ ಹೋಗುತ್ತೇವೆ ಎಂದೆ. ‘ಅಲ್ಲಿ ಯಾರದಾರ?’ ಎಂದಳು. ಯಾರೂ ಇಲ್ಲ ಎಂದೆ. ‘ಮತ್ಯಾಕ?’

ನಾನು ನಕ್ಕು ಸುಮ್ಮನಾದೆ. ಆ ‘ಮತ್ಯಾಕ’ ಮಾತ್ರ ವಿಮಾನದಲ್ಲಿ ನನ್ನ ಜೊತೆಯೇ ಬಂತು.

ಮಗಳು, ಅಳಿಯ ಇರುವುದು ಹ್ಯೂಸ್ಟನ್ನಿನಲ್ಲಿ. ಅಲ್ಲಿಂದ ಕಾರಿನಲ್ಲಿ ಒಂದು ತಾಸು ಹೋದರೆ ಗ್ಯಾಲ್ವೆಸ್ಟನ್ ಎಂಬ ಬಂದರು. ವಾರಗಟ್ಟಲೆ ಸಮುದ್ರದಲ್ಲಿ ಸುತ್ತಿಸಿ ತರುವ ದೊಡ್ಡ ಹಡಗುಗಳು ಅಲ್ಲಿಂದ ಹೊರಡುತ್ತವೆ. ಹಡಗೆಂದರೆ ನಾನು ದೋಣಿಯ ಅಣ್ಣ ಎಂದುಕೊಂಡಿದ್ದೆ. ಅದು ಹತ್ತು ಅಂತಸ್ತಿಗೂ ಮಿಗಿಲಾದ ಒಂದು ಪೇಟೆ; ನಮ್ಮ ಚಿಂಚೋಳಿ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಇರುವುದಕ್ಕಿಂತ ಹೆಚ್ಚು ಜನ ಅದರೊಳಗೆ ಉಂಡು ಮಲಗುತ್ತಾರೆ. ಬೆಳಿಗ್ಗೆ ಒಂದು ದ್ವೀಪಕ್ಕೆ ಬಂದು ನಿಲ್ಲುತ್ತದೆ, ಸಂಜೆಯೊಳಗೆ ಬಿಡುತ್ತದೆ. ನಮ್ಮ ಹಡಗು ನಿಲ್ಲುವ ಊರುಗಳಲ್ಲಿ ಒಂದು ಜಮೈಕಾದ ಉತ್ತರ ದಂಡೆಯ ಫಾಲ್ಮತ್. ಇಳಿಯುವುದು, ಹತ್ತುವುದು ಕಳೆದರೆ ಕೈಗೆ ಸಿಗುವುದು ಏಳು ತಾಸು. ಇನ್ನೊಂದು ನಿಯಮವಿದೆ. ಹಡಗಿನವರೇ ಏರ್ಪಡಿಸಿದ ಬಸ್ಸಿನಲ್ಲಿ ಹೋಗಿ ತಡವಾದರೆ ಹಡಗು ಕಾಯುತ್ತದೆ. ನಾವೇ ಸ್ವತಂತ್ರವಾಗಿ ಹೋಗಿ ತಡವಾದರೆ ಅದು ತನ್ನ ಪಾಡಿಗೆ ಹೊರಟುಬಿಡುತ್ತದೆ. ಸ್ವಾತಂತ್ರ್ಯದ ಬೆಲೆಯನ್ನು ಇಷ್ಟು ಸ್ಪಷ್ಟವಾಗಿ ನಾನು ಪೌರನೀತಿಯ ಪಾಠದಲ್ಲೂ ಹೇಳಿಕೊಟ್ಟಿರಲಿಲ್ಲ.

ಇದು ಎಲ್ಲೋ ದೂರದ ವ್ಯವಹಾರ ಎಂದುಕೊಳ್ಳಬೇಡಿ. ನಮ್ಮ ನವಮಂಗಳೂರು ಬಂದರಿಗೂ ಮಳೆಗಾಲ ಮುಗಿದ ಮೇಲೆ ಇಂಥ ಹಡಗುಗಳು ಬರುತ್ತವೆ. ಚೆಂಡೆ ಬಡಿದು, ಯಕ್ಷಗಾನದ ವೇಷ ನಿಲ್ಲಿಸಿ ಸ್ವಾಗತಿಸುತ್ತಾರೆ. ಬಂದವರು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಒಂದು ಗೋಡಂಬಿ ಕಾರ್ಖಾನೆ, ಒಂದು ಮಾರುಕಟ್ಟೆ ನೋಡಿ ಸಂಜೆ ಹಡಗು ಹತ್ತುತ್ತಾರೆ. ಅವರ ಪುಸ್ತಕದಲ್ಲಿ ಅದು ‘ಕರ್ನಾಟಕ’.

ಹ್ಯೂಸ್ಟನ್ನಿನ ಅಡುಗೆಮನೆಯ ಮೇಜಿನ ಮುಂದೆ ಮೂರು ರಾತ್ರಿ ಆ ಏಳು ತಾಸಿನ ಸಭೆ ನಡೆಯಿತು. ಅಳಿಯನಿಗೆ ಬೇಕಾದದ್ದು ಒಂದು ಹೋಟೆಲಿನ ಸ್ವಂತ ಸಮುದ್ರದಂಡೆ: ಬೇಲಿಯೊಳಗೆ ಕುರ್ಚಿ, ಛತ್ರಿ, ಊಟ ಎಲ್ಲವೂ ಸೇರಿ ಒಂದು ದರ. ಮಗಳಿಗೆ ಡನ್ಸ್ ರಿವರ್ ಜಲಪಾತ. ಅಲ್ಲಿ ಜನ ಒಬ್ಬರ ಕೈ ಒಬ್ಬರು ಹಿಡಿದು ಸರಪಳಿ ಮಾಡಿಕೊಂಡು ಬಂಡೆಯ ಮೇಲೆ ಹರಿಯುವ ನೀರಿನಲ್ಲೇ ಮೇಲಕ್ಕೆ ಏರುತ್ತಾರಂತೆ. ನನ್ನ ಮೊಣಕಾಲನ್ನು ಯಾರೂ ಕೇಳಲಿಲ್ಲ. ಮೂರನೆಯದು ಮಾರ್ತಾ ಬ್ರೇ ಎಂಬ ನದಿಯಲ್ಲಿ ಬಿದಿರಿನ ತೆಪ್ಪ. ಇಬ್ಬರು ಕೂರುತ್ತಾರೆ, ಒಬ್ಬ ನಿಂತು ಉದ್ದನೆಯ ಗಳ ಊರಿ ತಳ್ಳುತ್ತಾನೆ. ಮೊಮ್ಮಗನಿಗೆ ನೀರಿದ್ದರೆ ಸಾಕು, ಬಚ್ಚಲಾದರೂ ಆದೀತು.

‘ಅವ್ವಾ, ನೀ ಏನ್ ನೋಡ್ತಿ ಹೇಳು,’ ಎಂದಳು ಮಗಳು.

ನನಗೆ ಹೇಳಲು ಬರಲಿಲ್ಲ. ಸಮಾಜ ವಿಜ್ಞಾನದ ಮಾಸ್ತರಿಣಿಗೆ ಜಮೈಕಾ ಗೊತ್ತಿಲ್ಲದ ಹೆಸರೇನಲ್ಲ. ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ, 1494ರಲ್ಲಿ, ಇದೇ ಉತ್ತರ ದಂಡೆಯಲ್ಲಿ ಇಳಿದ. ಹಿಂದುಸ್ತಾನ ಹುಡುಕಿ ಹೊರಟವನು ತಲುಪಿದ ಕಡೆಯ ದ್ವೀಪಗಳಿಗೆಲ್ಲ ವೆಸ್ಟ್ ಇಂಡೀಸ್ ಎಂದು ಹೆಸರಾಯಿತು. ಮಕ್ಕಳಿಗೆ ಇದನ್ನು ಹೇಳಿದಾಗಲೆಲ್ಲ ಅವರು ನಗುತ್ತಾರೆ. ಇನ್ನೊಂದು ನೆನಪು ನಮ್ಮ ಅಣ್ಣನದು. 1976ರಲ್ಲಿ ಅದೇ ದ್ವೀಪದ ಕಿಂಗ್‌ಸ್ಟನ್ ಮೈದಾನದಲ್ಲಿ ನಮ್ಮ ಗುಂಡಪ್ಪ ವಿಶ್ವನಾಥರ ಬೆರಳು ಮುರಿದದ್ದನ್ನು ಅವನು ತನ್ನ ಬೆರಳೇ ಮುರಿದವರಂತೆ ಹೇಳುತ್ತಿದ್ದ. ಇಷ್ಟು ಬಿಟ್ಟರೆ ಆ ಊರಿನಲ್ಲಿ ನನಗೆ ಕೆಲಸವೇನು?

ಒಂದು ಊರನ್ನು ಒಂದು ದಿನದಲ್ಲಿ ನೋಡುವ ಯೋಜನೆ ಹಾಕುವುದರಲ್ಲಿ ನಾನು ಕಡಿಮೆಯವಳಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಶಾಲೆಯ ಪ್ರವಾಸ ಎಷ್ಟು ಮಾಡಿಸಿಲ್ಲ! ಐವತ್ತು ಮಕ್ಕಳು, ಒಂದು ಬಸ್ಸು, ಚುರುಮುರಿ ಚೀಲ, ವಾಂತಿಗೆ ಪ್ಲಾಸ್ಟಿಕ್ಕು. ಬೆಳಿಗ್ಗೆ ಅರಮನೆ, ಮಧ್ಯಾಹ್ನ ಮೃಗಾಲಯ, ನಾಲ್ಕಕ್ಕೆ ಚಾಮುಂಡಿ ಬೆಟ್ಟ, ಸಂಜೆ ಕನ್ನಂಬಾಡಿ. ‘ಮೈಸೂರು ಮುಗೀತು’ ಎಂದು ಪುಸ್ತಕದಲ್ಲಿ ಗೀಟು ಹಾಕುತ್ತಿದ್ದೆ. ಹಂಪಿಯನ್ನು ಒಮ್ಮೆ ನಾಲ್ಕು ತಾಸಿನಲ್ಲಿ ಮುಗಿಸಿದ್ದೇನೆ. ಊರಿಗೆ ‘ಮುಗಿಸು’ ಎಂಬ ಕ್ರಿಯಾಪದವನ್ನು ಯಾರು ಮೊದಲು ಹಚ್ಚಿದರೋ. ಊಟ ಮುಗಿಸುತ್ತೇವೆ, ಬಟ್ಟೆ ಒಗೆದು ಮುಗಿಸುತ್ತೇವೆ. ಊರು ನಾವು ಬಿಟ್ಟ ಮೇಲೂ ಅಲ್ಲೇ ಇರುತ್ತದೆ.

ಹಿಂದಿನವರ ಯಾತ್ರೆಗೆ ಒಂದು ಕಟ್ಟುಪಾಡಿತ್ತು. ಹೋದೊಡನೆ ಸ್ನಾನ, ದೇವರಿಗೆ ಕೈ ಮುಗಿಯುವುದು, ಹುಂಡಿಗೋ ದಾಸೋಹಕ್ಕೋ ಕೈಲಾದದ್ದು ಹಾಕುವುದು. ಕಲಬುರಗಿಯ ಶರಣಬಸವೇಶ್ವರರ ಗುಡಿಗೆ ಹೋದವನು ಪ್ರಸಾದಕ್ಕೆ ನೆಲದ ಮೇಲೆ ಎಲ್ಲರ ಜೊತೆ ಕೂರುತ್ತಾನೆ. ಆ ಊರಿಗೆ ತಾನು ಬಗ್ಗಿ ಬಂದವನು ಎಂಬುದು ಅವನ ಮೈಗೇ ಗೊತ್ತಾಗುತ್ತದೆ. ಹಣ ಕೊಟ್ಟು ನೋಡಲು ಹೋದವನು ಬಗ್ಗಬೇಕಾದದ್ದು ಯಾರಿಗೆ? ಟಿಕೆಟ್ಟಿನ ಕಿಂಡಿಗೆ ಮಾತ್ರ.

ಈ ಮಾತು ನನಗೆ ನಾಟಲು ಕಾರಣ, ನಾನು ನೋಡಲು ಹೋಗುವವಳು ಮಾತ್ರ ಅಲ್ಲ, ಜನ ನೋಡಲು ಬರುವ ಊರಿನವಳೂ ಹೌದು. ತೊಗರಿಯ ಬಯಲು, ಶಹಾಬಾದ್ ಕಲ್ಲಿನ ಗಣಿ, ವಾಡಿ ಸೇಡಂಗಳ ಸಿಮೆಂಟು ಧೂಳು ಕಂಡವರಿಗೆ ನಮ್ಮ ಜಿಲ್ಲೆಯಲ್ಲಿ ಕುಂಚಾವರಂ ಕಾಡಿನಂಥ ಹಸಿರು ಇದೆ ಎಂಬುದೇ ಬೆರಗು. ಕೆಂಪು ಮಣ್ಣು, ತೇಗ, ಮುತ್ತುಗ, ಸೀತಾಫಲ, ಬೀಡಿ ಎಲೆಯ ತುಂಬುರಿ. 2011ರಲ್ಲಿ ಇದು ಚಿಂಚೋಳಿ ವನ್ಯಜೀವಿಧಾಮ ಎನಿಸಿಕೊಂಡಿತು. ಚಂದ್ರಂಪಳ್ಳಿಯ ಕೆರೆ, ಗೊಟ್ಟಂಗೊಟ್ಟ, ಎತ್ತಿಪೋತದ ಧುಮುಕುವ ನೀರು. ಮಳೆ ಬಿದ್ದು ನೀರು ತುಂಬಿತೆಂದರೆ ಪ್ರತಿ ಭಾನುವಾರ ಕಲಬುರಗಿ, ಜಹೀರಾಬಾದು, ತಾಂಡೂರು, ಹೈದರಾಬಾದು ಕಡೆಯ ಗಾಡಿಗಳು. ಬರುತ್ತಾರೆ, ನೀರಿನಲ್ಲಿ ಕುಣಿಯುತ್ತಾರೆ, ಬಾಟಲಿ ಒಡೆಯುತ್ತಾರೆ, ಬಿರಿಯಾನಿಯ ಪೊಟ್ಟಣ ಎಸೆಯುತ್ತಾರೆ, ಹೊತ್ತು ಮುಳುಗುವುದರೊಳಗೆ ಹೊರಟುಹೋಗುತ್ತಾರೆ. ಸೋಮವಾರ ನಮ್ಮ ಮಕ್ಕಳು ಗಾಜು ಚುಚ್ಚಿದ ಕಾಲಿನಲ್ಲಿ ಸಾಲಿಗೆ ಬರುತ್ತಾರೆ.

ಒಮ್ಮೆ ತಾಂಡಾದ ಒಬ್ಬ ಅಜ್ಜಿಯನ್ನು ಅವಳ ಫೇಟಿಯಾ, ಕಾಂಚಳಿ, ಮೊಣಕೈವರೆಗಿನ ಬಳೆಗಳ ಸಮೇತ ನಾಲ್ಕು ಹುಡುಗರು ನಿಲ್ಲಿಸಿ ಫೋಟೋ ಹೊಡೆದರು. ಅತ್ತ ತಿರುಗು, ಇತ್ತ ತಿರುಗು, ನಗು. ಹೋದ ಮೇಲೆ ಆಕೆ ನನ್ನನ್ನು ಕೇಳಿದಳು: ‘ಅಕ್ಕೋರೆ, ಆ ಫೋಟೋ ಎಲ್ಲಿಗಿ ಒಯ್ತಾರ? ನನ್ನ ಹೆಸರೇ ಕೇಳ್ಲಿಲ್ಲಲಾ, ಯಾರಂತ ಹೇಳ್ತಾರ?’ ನಾನು ಆ ಹುಡುಗರನ್ನು ವಾರವೆಲ್ಲ ಮನಸ್ಸಿನಲ್ಲೇ ಬೈದೆ.

ಆದರೆ ನನ್ನ ಸಿಟ್ಟಿಗೆ ಒಂದು ಪೆಟ್ಟು ಬಿದ್ದದ್ದನ್ನೂ ಹೇಳಬೇಕು. ಎಂಟನೇ ತರಗತಿಯ ಒಂದು ಹುಡುಗಿ ಮಳೆಗಾಲದಲ್ಲಿ ಶನಿವಾರ ಬರುವುದನ್ನೇ ಬಿಟ್ಟಳು. ಭಾನುವಾರದ ಜನರಿಗಾಗಿ ಅವರವ್ವ ಮಿರ್ಚಿ ಭಜಿ, ಸುಟ್ಟ ಮೆಕ್ಕೆಜೋಳ ಮಾರುತ್ತಿದ್ದಳು. ಶನಿವಾರ ಕಟ್ಟಿಗೆ, ಹಿಟ್ಟು, ಮೆಣಸಿನಕಾಯಿ ಹೊಂದಿಸಲು ಈ ಹುಡುಗಿ ಬೇಕು. ನಾನು ಅವರ ಮನೆಗೇ ಹೋದೆ. ಕುಡುಕರ ಮುಂದೆ ಬೆಳೆದ ಹುಡುಗಿಯನ್ನು ನಿಲ್ಲಿಸುತ್ತೀಯಲ್ಲ, ನಾಚಿಕೆಯಾಗಬೇಕು ಎಂದೆ. ಆ ಜನ ಬಾರದೇ ಇದ್ದರೆ ಊರಿಗೆ ಎಷ್ಟು ಒಳ್ಳೆಯದಿತ್ತು ಎಂದೂ ಅಂದೆ. ಆಕೆ ಒಲೆಯ ಮುಂದಿನಿಂದ ಏಳಲೂ ಇಲ್ಲ.

‘ಅಕ್ಕೋರೆ, ಅವರು ಮೂರು ತಿಂಗಳ ಬರ್ತಾರ. ಆ ಮೂರು ತಿಂಗಳ ನಾ ಊರಾಗ ಇರ್ತೀನಿ. ಅವರು ಬರ್ಲಿಲ್ಲಂದ್ರ ಪುಣೇಕ ಹೋಗ್ತೀನಿ, ಇಟ್ಟಂಗಿ ಹೊರ್ಲಕ್ಕ. ಆವಾಗ ಇಕಿ ಶನಿವಾರ ಅಷ್ಟೇ ಅಲ್ಲ, ಸೋಮವಾರನೂ ಬರಲ್ಲ. ನಿಮಗ ಯಾವುದು ಬೇಕು ಹೇಳ್ರಿ.’

ನಮ್ಮ ಭಾಗದ ತಾಂಡಾಗಳ ಬಾಗಿಲಿಗೆ ದಸರೆ ದೀಪಾವಳಿ ಮುಗಿದೊಡನೆ ಬೀಗ ಬೀಳುವುದನ್ನು ನೋಡಿದವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ. ಮುಂಬೈ, ಪುಣೆ, ಹೈದರಾಬಾದು. ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ, ಮಕ್ಕಳು ಯಾವುದೋ ಕಟ್ಟಡದ ಬುಡದಲ್ಲಿ. ನಾನು ಊರಿನ ಮಾನ ಎಂದು ಏನನ್ನು ಹೇಳುತ್ತಿದ್ದೆನೋ ಅದು ಸಂಬಳ ಬರುವವಳ ಮಾನವಾಗಿತ್ತು. ಆಕೆಯದೂ ಮಾನವೇ; ತನ್ನೂರಿನಲ್ಲಿ ತನ್ನ ಒಲೆಯ ಮುಂದೆ ಕೂತು ದುಡಿಯುವ ಮಾನ. ಆದರೂ ಹೇಳುತ್ತೇನೆ, ಆ ಹುಡುಗಿ ಕುಡುಕರ ಮುಂದೆ ನಿಲ್ಲಬಾರದಿತ್ತು. ಅದರಲ್ಲಿ ನಾನು ತಪ್ಪಿರಲಿಲ್ಲ. ಕೊನೆಗೆ ಶನಿವಾರ ಸಾಲಿ ಬಿಟ್ಟ ಮೇಲೆ ಹಿಟ್ಟು ಹೊಂದಿಸುವುದು, ಭಾನುವಾರ ಅಂಗಡಿಯಲ್ಲಿ ಅವಳ ಬದಲು ಮಾವ ನಿಲ್ಲುವುದು ಎಂದು ಒಂದು ಒಪ್ಪಂದವಾಯಿತು. ಪೂರ್ತಿ ನಡೆಯಿತು ಎಂದು ಹೇಳಲಾರೆ.

ಹ್ಯೂಸ್ಟನ್ನಿನ ಮೇಜಿನ ಮುಂದೆ ನಾನು ಈ ಕತೆಯನ್ನೆಲ್ಲ ಹೇಳಿದೆ. ಮಗಳಿಗೆ ಬೇಸರ ಬಂತು. ‘ಅವ್ವಾ, ಒಂದು ವಾರ ಖುಷಿಯಿಂದ ಇರ್ಲಿ ಅಂತ ಕರ್ಕೊಂಡು ಹೊಂಟೀವಿ. ಅಲ್ಲಿಗೂ ನಿನ್ನ ಸಾಲಿ ತರಬ್ಯಾಡ,’ ಎಂದಳು. ಅವಳ ಮಾತು ಸುಳ್ಳೇನಲ್ಲ. ಇಬ್ಬರೂ ದುಡಿದು ಉಳಿಸಿದ ದುಡ್ಡು. ನನಗಾಗಿ ಬಾಲ್ಕನಿಯ ಕೋಣೆ ತೆಗೆದುಕೊಂಡಿದ್ದರು. ಕೊಟ್ಟದ್ದನ್ನು ಸಂತೋಷದಿಂದ ಪಡೆಯುವುದೂ ಒಂದು ಧರ್ಮ, ನಮ್ಮಂಥ ತಾಯಂದಿರು ಅದನ್ನು ಕಲಿತಿಲ್ಲ.

ಆದರೂ ರಾತ್ರಿ ನಿದ್ದೆ ಬಾರದೆ ಓದಿದ್ದು ಹೇಳುತ್ತೇನೆ. ಫಾಲ್ಮತ್ ಹದಿನೆಂಟನೇ ಶತಮಾನದಲ್ಲಿ ಸಕ್ಕರೆಯಿಂದ ಎದ್ದ ಊರು. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಜನರನ್ನು ಅಲ್ಲಿ ಇಳಿಸುತ್ತಿದ್ದರು, ಅವರು ಬೆಳೆದ ಕಬ್ಬಿನ ಸಕ್ಕರೆ, ರಮ್ಮನ್ನು ಅಲ್ಲಿಂದಲೇ ಹೇರುತ್ತಿದ್ದರು. 1838ರ ಜುಲೈ 31ರ ನಡುರಾತ್ರಿ ಬಿಡುಗಡೆಯ ಗಳಿಗೆ ಬಂದಾಗ ಆ ಊರಿನ ಜನ ಪಾದ್ರಿ ವಿಲಿಯಂ ನಿಬ್ ಅವರ ಜೊತೆ ಸೇರಿ ಒಂದು ಶವಪೆಟ್ಟಿಗೆಯಲ್ಲಿ ಸರಪಳಿ, ಚಾಟಿ, ಕೊರಳಿನ ಕಬ್ಬಿಣದ ಪಟ್ಟಿ ಇಟ್ಟು ಮಣ್ಣು ಮಾಡಿದರು. ಆಮೇಲೆ ತೋಟಗಳಿಗೆ ಆಳು ಸಾಲದೆ 1845ರಿಂದ ಕಲ್ಕತ್ತೆಯ ಕಡೆಯಿಂದ ನಮ್ಮ ಜನರನ್ನು ಕೂಲಿ ಕರಾರಿನ ಮೇಲೆ ಒಯ್ದರು. 1917ರ ಹೊತ್ತಿಗೆ ಮೂವತ್ತಾರು ಸಾವಿರದಷ್ಟು ಮಂದಿ. ಅಂದರೆ ಆ ದಂಡೆಗೆ ಹಡಗಿನಲ್ಲಿ ಬಂದ ಹಿಂದುಸ್ತಾನಿಗಳಲ್ಲಿ ನಾನು ಮೊದಲನೆಯವಳಲ್ಲ. ಬಾಲ್ಕನಿಯಲ್ಲಿ ಕೂತು ಬಂದವಳು ಅಷ್ಟೆ. ಕರಾರು, ಮುಂಗಡ, ದೂರದ ಊರು: ಪುಣೆಯ ಇಟ್ಟಂಗಿ ನೆನಪಾಗದೆ ಇರುವುದು ಹೇಗೆ?

ಇದಕ್ಕಿಂತ ಬಿಗಿಯಾದ ಒಂದು ಪ್ರಸಂಗವನ್ನು ಅಳಿಯ ಹೇಳಿದರು. ಹೈಟಿ ದೇಶದ ಲಬಾಡಿ ಎಂಬಲ್ಲಿ ಒಂದು ಹಡಗು ಕಂಪನಿ ಗುತ್ತಿಗೆ ಪಡೆದ ಬೇಲಿ ಹಾಕಿದ ದಂಡೆಯಿದೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಗಿ ರಾಜಧಾನಿಯೇ ನೆಲಕ್ಕುರುಳಿತು. ಮೂರು ದಿನದ ನಂತರ, 15ರಂದು, ಆ ದಂಡೆಗೆ ವಿಹಾರದ ಹಡಗು ಬಂದು ನಿಂತಿತು. ದೇಶ ಹೆಣ ಹೂಳುತ್ತಿರುವಾಗ ಇವರು ಈಜುತ್ತಾರೆಯೇ ಎಂದು ಜಗತ್ತು ಕೇಳಿತು. ಕಂಪನಿಯವರು, ಅದೇ ಹಡಗಿನಲ್ಲಿ ಪರಿಹಾರದ ಸಾಮಾನು ತಂದಿದ್ದೇವೆ, ಅಲ್ಲಿ ದುಡಿಯುವವರ ಕೂಲಿ ನಿಲ್ಲಬಾರದು ಎಂದರು. ಕೆಲವು ಪ್ರಯಾಣಿಕರು ತಮಗೆ ತುತ್ತು ಇಳಿಯುವುದಿಲ್ಲವೆಂದು ಹಡಗಿನಲ್ಲೇ ಉಳಿದರು.

‘ನೀವಾಗಿದ್ದರೆ?’ ಎಂದು ಅಳಿಯ ಕೇಳಿದರು. ಹತ್ತು ವರ್ಷ ಹಿಂದಾದರೆ ತಟ್ಟನೆ ಹೇಳುತ್ತಿದ್ದೆ, ಇಳಿಯುವುದು ಪಾಪ ಎಂದು. ಒಲೆಯ ಮುಂದೆ ಕೂತ ಆ ತಾಯಿಯನ್ನು ಕಂಡ ಮೇಲೆ ಅಷ್ಟು ಸುಲಭವಿಲ್ಲ. ಇಳಿಯದವನ ಮನಸ್ಸು ಶುಚಿಯಾಗಿ ಉಳಿಯುತ್ತದೆ, ದಂಡೆಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕೂತವಳಿಗೆ ಅದರಿಂದ ಏನೂ ಸಿಗುವುದಿಲ್ಲ. ತುತ್ತು ಇಳಿಯದೆ ಇದ್ದದ್ದು ಸರಿ. ಆದರೆ ತುತ್ತು ಇಳಿಯದವರೇ ಇಳಿದು ಹೋಗಿ ಏನಾದರೂ ಕೊಂಡಿದ್ದರೆ ಇನ್ನೂ ಸರಿಯಾಗುತ್ತಿತ್ತೇನೋ. ಬೇಲಿಯೊಳಗೆ ಕುರ್ಚಿ ಹಾಕಿಕೊಂಡು ಕುಣಿಯುವವರ ಪಕ್ಕ ಕೂರಲು ಮಾತ್ರ ನನ್ನಿಂದ ಆಗುತ್ತಿರಲಿಲ್ಲ ಎಂದೆ. ‘ಅತ್ತೀ, ನಾ ಬುಕ್ ಮಾಡಬೇಕು ಅನ್ನೋದು ಬೇಲಿಯೊಳಗಿಂದೇ,’ ಎಂದು ಅವರು ಪೆಚ್ಚಾಗಿ ನಕ್ಕರು. ನನಗೂ ಪೆಚ್ಚಾಯಿತು. ಆರು ವರ್ಷದ ಮಗುವನ್ನು ಕಟ್ಟಿಕೊಂಡವರಿಗೆ ಬೇಲಿ ಬೇಕು ಎನಿಸುವುದು ಸಹಜ. ನಾನೂ ಶಾಲೆಯ ಮಕ್ಕಳನ್ನು ಹಗ್ಗ ಹಿಡಿಸಿಯೇ ನಡೆಸಿದವಳು.

ತೆಪ್ಪದ ವಿಷಯದಲ್ಲೂ ಹೀಗೇ. ಒಬ್ಬ ಗಂಡಸು ಬಿಸಿಲಲ್ಲಿ ನಿಂತು ಗಳ ಊರುವುದು, ನಾನು ಕಾಲು ಚಾಚಿ ಕೂರುವುದು ನೋಡಲು ಚೆನ್ನಾಗಿಲ್ಲ ಎಂದೆ. ಮಗಳು ಕೇಳಿದಳು, ‘ಹಂಗಾದ್ರ ಕುಂಚಾವರಂ ಬಸ್ ಸ್ಟ್ಯಾಂಡಿನಿಂದ ಆಟೋದಾಗ ಯಾಕ ಬರ್ತಿ?’ ಉತ್ತರ ಹುಡುಕುತ್ತಿದ್ದೇನೆ.

ಕಡೆಗೆ ಪಂಗಡ ಎರಡಾಯಿತು. ಅಳಿಯ, ಮೊಮ್ಮಗ ಬೇಲಿಯ ದಂಡೆಗೆ. ನಾನು, ಮಗಳು ಕಾಲ್ನಡಿಗೆಯಲ್ಲಿ ಊರೊಳಕ್ಕೆ. ಜಲಪಾತ ಬಿಟ್ಟದ್ದು ನನ್ನ ಮೊಣಕಾಲಿಗಾಗಿ. ಮಗಳ ಮುಖದಲ್ಲಿ ಆ ನಷ್ಟ ಕಂಡಿತು, ಅವಳು ಬಾಯಿಬಿಡಲಿಲ್ಲ.

ಹಡಗಿನಿಂದ ಇಳಿದೊಡನೆ ಸಿಗುವುದು ಊರಲ್ಲ, ಊರಿನ ವೇಷ ಹಾಕಿದ ಅಂಗಡಿ ಸಾಲು. ಹಡಗುಗಳಿಗಾಗಿಯೇ 2011ರಲ್ಲಿ ತೆರೆದ ಬಂದರು. ಗೇಟು ದಾಟಿದ ಮೇಲೆ ನಿಜವಾದ ಫಾಲ್ಮತ್. ಹಳೆಯ ಕಲ್ಲಿನ ಕಟ್ಟಡಗಳು, ಕೆಲವು ಬಣ್ಣ ಬಳಿದವು, ಕೆಲವು ಮಾಡು ಕುಸಿದವು. ಯೂನಿಫಾರ್ಮಿನ ಶಾಲಾ ಮಕ್ಕಳು ಹೋಗುತ್ತಿದ್ದರು. ಅವರನ್ನು ಕಂಡ ತಕ್ಷಣ ನನ್ನ ಕಣ್ಣು ಇಸ್ತ್ರಿಯನ್ನು ನೋಡಿತು. ನಮ್ಮ ಮಕ್ಕಳಿಗಿಂತ ಅಚ್ಚುಕಟ್ಟು. ಒಂದು ಮನೆಯ ಹಿಂದೆ ಮಾವಿನ ಮರ ಕಾಯಿ ತುಂಬಿ ಬಗ್ಗಿತ್ತು. ಮಾವು ಮೂಲತಃ ನಮ್ಮ ಕಡೆಯದು, ಅದೂ ಹಡಗಿನಲ್ಲೇ ಆ ದ್ವೀಪಕ್ಕೆ ಹೋದದ್ದು. ಮಗಳು ಫೋನು ತೆಗೆದು ಶಾಲಾ ಮಕ್ಕಳತ್ತ ಹಿಡಿದಳು. ನಾನು ಅವಳ ಕೈ ಹಿಡಿದು ಇಳಿಸಿದೆ. ಮರದ ಫೋಟೋ ತೆಗೆದುಕೊಂಡೆವು.

ರಸ್ತೆಯ ಅಂಚಿನಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಮಸಾಲೆ ಪೊಟ್ಟಣ ಇಟ್ಟುಕೊಂಡು ಕೂತಿದ್ದಳು. ನಾನು ಒಂದೊಂದನ್ನೇ ಎತ್ತಿ ಮೂಸುತ್ತಿದ್ದೆ. ಆಕೆ ಸ್ವಲ್ಪ ಹೊತ್ತು ನೋಡಿ, ಕೊಳ್ಳುತ್ತೀಯೋ ಬರೀ ನೋಡುತ್ತೀಯೋ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸಂತೆಯಲ್ಲಿ ನಮ್ಮವರು ಕೇಳುವ ಧಾಟಿಯೇ. ಕಾಳುಮೆಣಸಿಗಿಂತ ತುಸು ದಪ್ಪದ ಪಿಮೆಂಟೊ ಎಂಬ ಕಾಳು. ಮೂಸಿದರೆ ಲವಂಗ, ದಾಲ್ಚಿನ್ನಿ, ಜಾಜಿಕಾಯಿ ಮೂರೂ ಒಟ್ಟಿಗೆ. ಬೆಲೆ ಹೇಳಿದಳು. ನಾನು ಅಭ್ಯಾಸಬಲದಿಂದ ಅರ್ಧಕ್ಕೆ ಕೇಳಿದೆ. ಮಗಳು ‘ಅವ್ವಾ!’ ಎಂದು ಕಣ್ಣು ಬಿಟ್ಟಳು. ಮೂರು ರಾತ್ರಿ ಧರ್ಮ ಹೇಳಿದವಳು ಇವಳೇ ಏನು ಎಂಬಂತೆ. ಆ ಹೆಂಗಸು ಮಾತ್ರ ನಕ್ಕಳು. ಏರಿಸಿದಳು, ಇಳಿಸಿದೆ, ಮತ್ತೆ ಏರಿಸಿದಳು. ಕೇಳಿದಷ್ಟು ಕೊಟ್ಟುಬಿಡುವುದರಲ್ಲಿ ಒಂದು ಸೊಕ್ಕಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ, ಭಿಕ್ಷೆ ಹಾಕಿದಂತೆ. ಚೌಕಾಸಿಯಲ್ಲಿ ಇಬ್ಬರೂ ನೆಲದ ಮೇಲೆ ಕೂತಿರುತ್ತಾರೆ. ಆದರೆ ಬಾಲ್ಕನಿಯ ಕೋಣೆಯವಳು ಒಂದು ಡಾಲರಿಗೆ ಜಗ್ಗಾಡಿದ್ದು ಸರಿಯೇ ಎಂದು ಮಗಳು ಕೇಳಿದಾಗ ನನ್ನ ಬಾಯಿ ಕಟ್ಟಿತು. ಕೊನೆಗೆ ಎರಡು ಪೊಟ್ಟಣ ಕೊಂಡೆವು, ಆಕೆಯೇ ಹೇಳಿದ ಬೆಲೆಗೆ ಹತ್ತಿರ ಹತ್ತಿರ. ಹಡಗಿನ ಹೊತ್ತಾಗಿತ್ತು. ಅರ್ಧ ತಾಸು ಮೊದಲೇ ಓಡೋಡಿ ಬಂದೆವು. ಬಿಟ್ಟು ಹೋದರೆ ಎಂಬ ಭಯಕ್ಕೆ ಚರ್ಚನ್ನೂ ಸರಿಯಾಗಿ ನೋಡಲಾಗಲಿಲ್ಲ.

ಆ ಕಾಳನ್ನು ಊರಿಗೆ ತಂದು ಮಸಾಲೆ ಡಬ್ಬಿಯಲ್ಲಿ ಹಾಕಿಟ್ಟೆ. ಬದನೆಕಾಯಿ ಎಣ್ಣೆಗಾಯಿಗೆ ಎರಡು ಕಾಳು ಕುಟ್ಟಿ ಹಾಕಿದರೆ ಚೆನ್ನಾಗಿರುತ್ತದೆ. ಪಕ್ಕದ ಮನೆಯ ಅಜ್ಜಿಗೂ ಕೊಟ್ಟೆ. ಆಕೆ ಮೂಸಿ, ‘ಇದಕ್ಕ ಹೋಗಿದ್ದೇನು?’ ಎಂದಳು. ಆಕೆಯ ಪ್ರಶ್ನೆಗೆ ಕಡೆಗೂ ಒಂದು ಉತ್ತರ ಸಿಕ್ಕಿತ್ತು.

2025ರ ಅಕ್ಟೋಬರ್ 28ರಂದು ಮೆಲಿಸಾ ಎಂಬ ಭಾರಿ ಚಂಡಮಾರುತ ಜಮೈಕಾಕ್ಕೆ ಬಡಿಯಿತು. ಟಿವಿಯಲ್ಲಿ ಹಾರಿಹೋದ ತಗಡುಗಳು, ನೀರಿನಲ್ಲಿ ನಿಂತ ಮನೆಗಳು. ನಾನು ಸೌಟು ಹಿಡಿದುಕೊಂಡೇ ಬಂದು ನಿಂತೆ. ಆ ಹೆಂಗಸು ಎಲ್ಲಿರುವಳೋ ಎಂದುಕೊಂಡೆ. ಹೆಸರು ನೆನಪಿಸಿಕೊಳ್ಳಲು ಹೋದೆ. ಕೇಳಿರಲೇ ಇಲ್ಲ.

‘ನೋಡ್ರಿ, ನಮ್ಮ ಫಾಲ್ಮತ್ ಕಡೀಗಿ ಏನಾಗ್ಯದೋ,’ ಎಂದೆ ನಮ್ಮವರಿಗೆ.

ಅವರು ಪೇಪರಿನಿಂದ ಕಣ್ಣೆತ್ತಿದರು. ‘ನಮ್ಮ? ಏಳು ತಾಸು ಇದ್ದು ಬಂದಾಕಿ ನೀನು,’ ಎಂದು ನಕ್ಕರು. ಆಮೇಲೆ ಅವರೇ ಎದ್ದು ಟಿವಿಯ ಧ್ವನಿ ಏರಿಸಿದರು.